ಕೇಳುವವರ ಪಾಲು

ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಅಥವಾ ತಲೆಗೆ ಬಿದ್ದ ಪೆಟ್ಟಿನಿಂದ ಮಾತಿನ ಸ್ನಾಯುಗಳ ಮೇಲೆ ಹಿಡಿತ ತಪ್ಪಿದರೆ ಅದು ಡಿಸಾರ್ಥ್ರಿಯಾ. ಹೇಳಬೇಕಾದ ಪದ ಗೊತ್ತಿರುತ್ತದೆ, ನಾಲಿಗೆ ಹೊರಳುವುದಿಲ್ಲ. ನೆಂಟರಿಗೆ ಒಂದಕ್ಷರವೂ ತಿಳಿಯದ ಮಾತು ಹೆಂಡತಿಗೋ ಮೊಮ್ಮಗನಿಗೋ ಸಲೀಸಾಗಿ ಅರ್ಥವಾಗುವುದು ಇಂಥ ಮನೆಗಳಲ್ಲಿ ಹೊಸದೇನಲ್ಲ. ಸಂಶೋಧಕರು ಅದನ್ನು ಲೆಕ್ಕಕ್ಕೆ ಹಿಡಿಯಲು ಮಾತ್ರ ತಡಮಾಡಿದರು.

1969ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾರ್ಲಿ, ಆರನ್‌ಸನ್ ಮತ್ತು ಬ್ರೌನ್ 212 ರೋಗಿಗಳ ಮಾತು ಕೇಳಿ, 38 ಲಕ್ಷಣಗಳ ಆಧಾರದ ಮೇಲೆ ಡಿಸಾರ್ಥ್ರಿಯಾದ ಬಗೆಗಳನ್ನು ವಿಂಗಡಿಸಿದರು. ಈ ಕ್ಷೇತ್ರ ಇಂದಿಗೂ ಆ ತಳಹದಿಯ ಮೇಲೆಯೇ ನಿಂತಿದೆ. ಆದರೆ ಅಲ್ಲಿ ಕಿವಿ ಒಂದು ಅಳತೆಗೋಲು. ಅದು ಹಿಗ್ಗಬಾರದು, ಕುಗ್ಗಬಾರದು. ಹಾಗಾಗಿ ಯಾರ್ಕ್‌ಸ್ಟನ್ ಮತ್ತು ಬ್ಯೂಕೆಲ್‌ಮನ್ 1983ರಲ್ಲಿ ಪರೀಕ್ಷಿಸಿದ್ದು, ಮಾತುಗಾರರ ಪರಿಚಯದಿಂದ ತೀರ್ಪುಗಾರರ ಅಂಕ ಏರುಪೇರಾಗುತ್ತದೆಯೇ ಎಂಬುದನ್ನು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1995ರಲ್ಲಿ ಜೇಡನ್ ಮತ್ತು ಲಿಸ್ ಒಬ್ಬರೇ ಮಾತುಗಾರ್ತಿಯನ್ನು ಇಟ್ಟುಕೊಂಡು ನಡೆಸಿದ ಪ್ರಯೋಗ ಬೇರೆಯದನ್ನೇ ಹೇಳಿತು: ಮೊದಲೇ ಆಕೆಯ ದನಿ ಕೇಳಿದ್ದವರಿಗೆ ಮಾತು ಹೆಚ್ಚು ತಿಳಿಯಿತು.

ಕಿವಿ ಕಲಿಯುವುದಾದರೆ ಏನನ್ನು ಕಲಿಯುತ್ತದೆ? ನನಗೆ ಎಲ್ಲಕ್ಕಿಂತ ಸ್ವಾರಸ್ಯ ಎನಿಸುವ ಕೆಲಸ ಇಲ್ಲಿನದು. ಒತ್ತು ಬಿದ್ದ ಕಡೆ ಹೊಸ ಪದ ಶುರುವಾಯಿತೆಂದು ಇಂಗ್ಲಿಷ್ ಕೇಳುಗರು ಊಹಿಸುತ್ತಾರೆ. ಕಟ್ಲರ್ ಮತ್ತು ಬಟರ್‌ಫೀಲ್ಡ್ 1992ರಲ್ಲಿ ‘ಕಂಡಕ್ಟ್ ಅಸೆಂಟ್ಸ್ ಅಪ್‌ಹಿಲ್’ ಎಂಬುದನ್ನು ತೀರಾ ಮೆಲ್ಲಗೆ ಕೇಳಿಸಿದಾಗ ‘ದ ಡಾಕ್ಟರ್ ಸೆಂಡ್ಸ್ ಹರ್ ಬಿಲ್’ ಎಂದು ಬರೆದುಕೊಂಡವರಿದ್ದರು. (ಬಿಲ್ಲಿನ ಭಯ ಎಲ್ಲ ಕಡೆಯೂ ಒಂದೇ!) ಪಾರ್ಕಿನ್ಸನ್ ಮಾತು ಏರಿಳಿತವಿಲ್ಲದೆ, ಮೆಲ್ಲಗೆ, ಅವಸರವಾಗಿ ಹರಿಯುತ್ತದೆ, ಕಿರುಮೆದುಳಿಗೆ ಪೆಟ್ಟಾದವರ ಮಾತಿನಲ್ಲಿ ಅಕ್ಷರ ಅಕ್ಷರಕ್ಕೂ ಸಮ ಒತ್ತು. ಎರಡರಲ್ಲೂ ಒತ್ತಿನ ಸುಳಿವು ಮಸುಕು. ಪದ ಎಲ್ಲಿ ಕಡಿಯಿತೆಂದೇ ತಿಳಿಯದೆ ಕೇಳುಗರು ತಡವರಿಸುತ್ತಾರೆಂದು ಲಿಸ್ ಬಳಗ ತಪ್ಪುಗಳ ಜಾಡು ಹಿಡಿದು ತೋರಿಸಿತು.

ಇಂಥ ಮಾತಿಗೆ ಕಿವಿ ಪಳಗುವುದು ಹೇಗೆಂದು ನೋಡಲು ಬೋರಿ ಮತ್ತು ಸಂಗಡಿಗರು 2012ರಲ್ಲಿ 60 ಕೇಳುಗರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಆರೋಗ್ಯವಂತರ ಮಾತನ್ನೂ, ಇನ್ನೊಂದು ಡಿಸಾರ್ಥ್ರಿಯಾದ ಮಾತನ್ನೂ, ಮತ್ತೊಂದು ಅದೇ ಮಾತನ್ನು ಬರಹ ನೋಡುತ್ತಲೂ ಕೇಳಿತು. ಆಮೇಲೆ ಡಿಸಾರ್ಥ್ರಿಯಾದ ಮಾತು ಕೇಳಿಸಿ ನೋಡಿದಾಗ ಅದನ್ನು ಮೊದಲು ಸುಮ್ಮನೆ ಕೇಳಿದವರಿಗೂ ಲಾಭವಾಯಿತು. ಬರಹ ಕಂಡವರಿಗೆ ಹೆಚ್ಚು, ಅದೂ ಗಟ್ಟಿಯಾಗಿ.

ಈ ಫಲಿತಾಂಶಗಳನ್ನು ಹಾಗೇ ಕನ್ನಡಕ್ಕೆ ಎತ್ತಿ ತರಲಾಗದು. ನಮ್ಮ ಮಾತಿನ ಲಯ ಇಂಗ್ಲಿಷಿನಂತೆ ಒತ್ತಿನದಲ್ಲ. ಮೇಲಾಗಿ ‘ಅವನೇನಂದ’ ಎಂಬಲ್ಲಿ ಪದಗಳೇ ಒಂದರೊಳಗೊಂದು ಕರಗಿವೆ. ಇಂಥಲ್ಲಿ ಕನ್ನಡದ ಕಿವಿ ಯಾವ ಸುಳಿವು ಹಿಡಿಯುತ್ತದೆ ಎಂಬುದನ್ನು ಇಲ್ಲಿಯೇ ಅಳೆಯಬೇಕು. ಅದಕ್ಕೆ ನೆಲೆಯೂ ಉಂಟು: ಮೈಸೂರಿನಲ್ಲಿ 1965ರಿಂದ ವಾಕ್‌ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಚಿಕಿತ್ಸೆಯ ಭಾರ ಇದುವರೆಗೆ ಹೆಚ್ಚಾಗಿ ರೋಗಿಯ ಮೇಲೆ: ಜೋರಾಗಿ ಹೇಳಿ, ನಿಧಾನವಾಗಿ ಹೇಳಿ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳೇ ದಿನೇ ದಿನೇ ಸೋಲುವಾಗ ಆ ಸಲಹೆಯಿಂದ ಪ್ರಯೋಜನ ಕಡಿಮೆ. ಆಗ ಮನೆಯವರ ಕಿವಿಯನ್ನು ಪಳಗಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ರೋಗಿಯ ದನಿಮುದ್ರಣ, ಪಕ್ಕದಲ್ಲಿ ಬರೆದಿಟ್ಟ ಮಾತು, ಇಷ್ಟು ಸಾಕಾಗಬಹುದು. ತೊಡಕೂ ಉಂಟು: ಪ್ರಯೋಗಾಲಯಗಳಲ್ಲಿ ಕುಳಿತು ಕೇಳಿದವರು ಹೆಚ್ಚಾಗಿ ಕಿವಿ ಚುರುಕಾದ ಹರೆಯದವರು, ಮನೆಯಲ್ಲಿ ಕೇಳಬೇಕಾದವರು ಎಷ್ಟೋ ಸಲ ತಮಗೂ ಕಿವಿ ಮಂದವಾದ ಮುದುಕ ಮುದುಕಿಯರು.