ಕ್ರೆಡಿಟ್ ಕಾರ್ಡ್ ಖಾತೆಗಳ ನಡುವೆ ಹಣ ವರ್ಗಾವಣೆ

ಕ್ರೆಡಿಟ್ ಕಾರ್ಡ್ ಖಾತೆಗಳ ನಡುವೆ ಹಣ ವರ್ಗಾವಣೆ ಎಂದರೆ ಒಬ್ಬ ವ್ಯಕ್ತಿಯ ಕಾರ್ಡ್ ಖಾತೆಯಿಂದ ಇನ್ನೊಬ್ಬ ವ್ಯಕ್ತಿಯ ಕಾರ್ಡ್ ಖಾತೆಗೆ ಹಣವನ್ನಾಗಲಿ ಸಾಲದ ಮಿತಿಯನ್ನಾಗಲಿ ಸಾಗಿಸುವ ವ್ಯವಹಾರ. ಭಾರತದಲ್ಲಿ ಇನ್ನೊಬ್ಬರ ಕ್ರೆಡಿಟ್ ಕಾರ್ಡ್ ಖಾತೆಗೆ ಹಣ ಜಮಾ ಮಾಡಲು ದಾರಿಗಳಿವೆ. ಆದರೆ ಒಬ್ಬರಿಗೆ ಮಂಜೂರಾದ ಸಾಲದ ಮಿತಿಯನ್ನು ಇನ್ನೊಬ್ಬರ ಖಾತೆಗೆ ನೇರವಾಗಿ ದಾಟಿಸುವ ಸಾಮಾನ್ಯ ವ್ಯವಸ್ಥೆ ಇಲ್ಲ. ಈ ಎರಡರ ವ್ಯತ್ಯಾಸ ತಿಳಿಯದೆ ದುಬಾರಿ ಸಾಲಕ್ಕೆ ಸಿಲುಕುವವರೂ ವಂಚನೆಗೆ ಒಳಗಾಗುವವರೂ ಇದ್ದಾರೆ.

ಜಮಾ ಮತ್ತು ಉದ್ರಿ

ಉತ್ತರ ಕರ್ನಾಟಕದ ಕಿರಾಣಿ ಅಂಗಡಿಗಳ ಖಾತೆ ಪುಸ್ತಕದಲ್ಲಿ ಜಮಾ ಮತ್ತು ಉದ್ರಿ ಎಂಬ ಎರಡು ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಜಮಾ ಎಂದರೆ ಗಿರಾಕಿ ಕಟ್ಟಿದ ಹಣ. ಉದ್ರಿ ಎಂದರೆ ಅಂಗಡಿಯವನು ಗಿರಾಕಿಯ ಮೇಲಿನ ನಂಬಿಕೆಯಿಂದ ಕೊಟ್ಟ ಸಾಲ. ಆ ನಂಬಿಕೆಯನ್ನು ಗಿರಾಕಿಯು ತನ್ನ ನೆರೆಮನೆಯವರಿಗೆ ಬರೆದುಕೊಡಲಾರ. ಕ್ರೆಡಿಟ್ ಕಾರ್ಡಿನ ಮಿತಿಯೂ ಇಂತಹುದೇ. 1 ಲಕ್ಷ ರೂಪಾಯಿ ಮಿತಿಯ ಕಾರ್ಡ್ ಇದ್ದವರ ಬಳಿ 1 ಲಕ್ಷ ರೂಪಾಯಿ ಇದೆ ಎಂದರ್ಥವಲ್ಲ. ಅವರ ಆದಾಯವನ್ನೂ ಹಿಂದಿನ ಸಾಲಗಳ ಮರುಪಾವತಿಯನ್ನೂ ನೋಡಿ, ಅಷ್ಟರವರೆಗೆ ಸಾಲ ಕೊಡಲು ಬ್ಯಾಂಕು ಒಪ್ಪಿದೆ ಎಂದಷ್ಟೇ ಅರ್ಥ.

ಹಾವೇರಿ ಜಿಲ್ಲೆಯ ಮಾಸೂರು, ಹಿರೇಕೆರೂರು ಭಾಗದ ರೈತ ಕುಟುಂಬಗಳಿಗೆ ಹೆಚ್ಚು ಪರಿಚಿತವಾದುದು 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್. ಹೆಸರಿನಲ್ಲಿ ಹೋಲಿಕೆಯಿದ್ದರೂ ಅದು ಬೇರೆಯೇ ವ್ಯವಸ್ಥೆ. ಜಮೀನು ಮತ್ತು ಬೆಳೆಯ ಆಧಾರದ ಮೇಲೆ ಕೊಡುವ ಬೆಳೆಸಾಲದ ಖಾತೆಯದು. ಅದರ ಮಿತಿಯೂ ಪರರಿಗೆ ವರ್ಗವಾಗುವುದಿಲ್ಲ.

ನಿಯಮಗಳ ಬೆಳವಣಿಗೆ

ಕಾರ್ಡಿನಿಂದ ಕಾರ್ಡಿಗೆ ಹಣ ಕಳುಹಿಸುವ ವಿಚಾರ ಹೊಸದಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2011ರ ಅಕ್ಟೋಬರ್ 5ರಂದು ದೇಶೀಯ ಹಣ ವರ್ಗಾವಣೆಯ ನಿಯಮಗಳನ್ನು ಸಡಿಲಿಸಿ, ಡೆಬಿಟ್, ಕ್ರೆಡಿಟ್ ಮತ್ತು ಪ್ರೀಪೇಯ್ಡ್ ಕಾರ್ಡುಗಳ ನಡುವೆ ವರ್ಗಾವಣೆಗೆ ಅವಕಾಶ ನೀಡಿತು. ಒಂದು ಸಲಕ್ಕೆ 5,000 ರೂಪಾಯಿ ಹಾಗೂ ತಿಂಗಳಿಗೆ 25,000 ರೂಪಾಯಿ ಮಿತಿ ಇತ್ತು. ಆದರೆ ಐಎಂಪಿಎಸ್ 2010ರಲ್ಲೇ ಆರಂಭವಾಗಿತ್ತು, ಯುಪಿಐ 2016ರಲ್ಲಿ ಬಂದಿತು. ಬ್ಯಾಂಕ್ ಖಾತೆಯಿಂದ ಖಾತೆಗೆ ಕ್ಷಣಾರ್ಧದಲ್ಲಿ ಹಣ ಹೋಗುವಾಗ ಕಾರ್ಡಿನ ದಾರಿ ಜನಬಳಕೆಗೆ ಬರಲಿಲ್ಲ. 2024ರ ಜುಲೈ 24ರ ಸುತ್ತೋಲೆಯು ಕಾರ್ಡ್ ವರ್ಗಾವಣೆಯನ್ನು ಈ ಚೌಕಟ್ಟಿನಿಂದ ಹೊರಗಿಟ್ಟು, ಆಯಾ ಕಾರ್ಡಿಗೆ ಸಂಬಂಧಿಸಿದ ನಿಯಮಗಳಿಗೇ ಒಳಪಡಿಸಿತು.

2022ರ ಸೆಪ್ಟೆಂಬರ್ 20ರಂದು ರುಪೇ ಕ್ರೆಡಿಟ್ ಕಾರ್ಡುಗಳನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಉದ್ಘಾಟನೆಗೊಂಡಿತು. ಇದರಿಂದ ಕಾರ್ಡ್ ಉಜ್ಜುವ ಯಂತ್ರವಿಲ್ಲದ ಅಂಗಡಿಯಲ್ಲೂ ಕ್ರೆಡಿಟ್ ಕಾರ್ಡಿನಿಂದ ಪಾವತಿ ಸಾಧ್ಯವಾಯಿತು. ಆದರೆ ಈ ಸೌಲಭ್ಯ ವ್ಯಾಪಾರಿ ಖಾತೆಗಳಿಗೆ ಮಾತ್ರ. ಸ್ನೇಹಿತರ ಅಥವಾ ಬಂಧುಗಳ ವೈಯಕ್ತಿಕ ಖಾತೆಯ ಕ್ಯೂಆರ್ ಸಂಕೇತಕ್ಕೆ ಕ್ರೆಡಿಟ್ ಕಾರ್ಡಿನಿಂದ ಹಣ ಹೋಗುವುದಿಲ್ಲ. ಅಂಗಡಿಯ ಗೋಡೆಗೆ ಅಂಟಿಸಿದ್ದರೂ ಆ ಸಂಕೇತ ವೈಯಕ್ತಿಕ ಖಾತೆಯದಾಗಿದ್ದರೆ ಪಾವತಿ ತಿರಸ್ಕೃತವಾಗುತ್ತದೆ. ವೈಯಕ್ತಿಕ ಮತ್ತು ವ್ಯಾಪಾರಿ ಖಾತೆಗಳನ್ನು ಬೆರೆಸುವುದರ ತೊಡಕು ಬೇರೊಂದು ರೀತಿಯಲ್ಲೂ ಕಂಡುಬಂದಿತು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಕೈಗಡವೂ ಮನೆಮಂದಿ ಕಳುಹಿಸಿದ ಹಣವೂ ವ್ಯಾಪಾರದ ಲೆಕ್ಕಕ್ಕೆ ಸೇರಿದೆ ಎಂದು ಅನೇಕರು ಆಕ್ಷೇಪಿಸಿದ್ದರು.

ಇನ್ನೊಬ್ಬರ ಕಾರ್ಡಿಗೆ ಹಣ ಜಮಾ ಮಾಡುವುದು

ಬೆಂಗಳೂರಿನಲ್ಲಿ ಓದುವ ಅಥವಾ ದುಡಿಯುವ ಮಗಳ ಕಾರ್ಡಿನ ಬಾಕಿಯನ್ನು ಮಾಸೂರಿನಲ್ಲಿರುವ ತಂದೆ ತನ್ನ ಉಳಿತಾಯ ಖಾತೆಯಿಂದ ತೀರಿಸಬಹುದು. ಇದಕ್ಕೆ ಸುರಕ್ಷಿತ ಮಾರ್ಗ ಭಾರತ್ ಬಿಲ್ ಪಾವತಿ ವ್ಯವಸ್ಥೆ. ಇಲ್ಲಿ ಸಾಮಾನ್ಯವಾಗಿ ಕಾರ್ಡುದಾರರ ನೋಂದಾಯಿತ ಮೊಬೈಲ್ ಸಂಖ್ಯೆ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಸಾಕು; ಪೂರ್ಣ ಸಂಖ್ಯೆಯನ್ನು ಯಾರಿಗೂ ಕೊಡಬೇಕಾಗಿಲ್ಲ. ಮೂರನೆಯವರ ಆ್ಯಪ್‌ಗಳ ಮೂಲಕ ಕಟ್ಟುವ ಕ್ರೆಡಿಟ್ ಕಾರ್ಡ್ ಬಿಲ್ಲುಗಳು ಈ ವ್ಯವಸ್ಥೆಯ ಮೂಲಕವೇ ಸಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದು, ಅದಕ್ಕೆ 2024ರ ಜೂನ್ 30ರ ಗಡುವು ನೀಡಿತ್ತು.

ಎನ್‌ಇಎಫ್‌ಟಿ ಇನ್ನೊಂದು ಮಾರ್ಗ. ಅನೇಕ ಬ್ಯಾಂಕುಗಳಲ್ಲಿ ಕಾರ್ಡಿನ ಪೂರ್ಣ ಸಂಖ್ಯೆಯನ್ನೇ ಖಾತೆ ಸಂಖ್ಯೆಯಾಗಿ ನಮೂದಿಸಿ, ಕಾರ್ಡ್ ವಿಭಾಗದ ಐಎಫ್‌ಎಸ್‌ಸಿ ಸಂಕೇತ ಹಾಕಿ ಹಣ ಕಳುಹಿಸಬಹುದು. ಇಂತಹ ವರ್ಗಾವಣೆಯಲ್ಲಿ ಹಣ ಜಮಾ ಆಗುವುದು ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಹಳೆಯ ಐಎಫ್‌ಎಸ್‌ಸಿ ಸಂಕೇತಗಳ ಬಗೆಗೂ ಎಚ್ಚರ ಬೇಕು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಬಳಿಕ ಅದರ ಸಂಕೇತಗಳು 2021ರ ಜುಲೈ 1ರಿಂದ ರದ್ದಾದವು. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಂದು ಬಳ್ಳಾರಿ ಕೇಂದ್ರಿತ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಹಳೆಯ ಪಾಸ್‌ಬುಕ್ ನೋಡಿ ಸಂಕೇತ ಬರೆದುಕೊಳ್ಳುವುದು ಸಲ್ಲದು.

ಕಾರ್ಡ್ ಸಂಖ್ಯೆಯ ತಪ್ಪುಗಳನ್ನು ಹಿಡಿಯಲು ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ರೂಪಿಸಿದ ಲೆಕ್ಕವೊಂದು ಬಳಕೆಯಲ್ಲಿದೆ. ಬಲದಿಂದ ಎಣಿಸುತ್ತ ಎರಡನೆಯ, ನಾಲ್ಕನೆಯ ಹೀಗೆ ಸರಿಸ್ಥಾನದ ಅಂಕಿಗಳನ್ನು ದ್ವಿಗುಣಗೊಳಿಸಬೇಕು. ಗುಣಲಬ್ಧ 9ನ್ನು ಮೀರಿದರೆ ಅದರಿಂದ 9ನ್ನು ಕಳೆಯಬೇಕು. ಎಲ್ಲವನ್ನೂ ಕೂಡಿದಾಗ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಉದಾಹರಣೆಗೆ 2741 ಎಂಬ ಸಂಖ್ಯೆಯಲ್ಲಿ 1, 8, 7, 4 ಕೂಡಿ 20 ಆಗುತ್ತದೆ, ಸಂಖ್ಯೆ ಸರಿ. ನಡುವಿನ ಎರಡು ಅಂಕಿಗಳು ಅದಲುಬದಲಾಗಿ 2471 ಎಂದಾದರೆ 1, 5, 4, 4 ಕೂಡಿ 14 ಆಗಿ ತಪ್ಪು ಬಯಲಾಗುತ್ತದೆ. 09 ಎಂಬುದು 90 ಆದರೆ ಮಾತ್ರ ಈ ಲೆಕ್ಕಕ್ಕೆ ಅದು ತಿಳಿಯುವುದಿಲ್ಲ. ಸಂಖ್ಯೆ ಸರಿಯಾಗಿದೆ ಎಂದು ಅದು ಹೇಳೀತೇ ಹೊರತು ಕಾರ್ಡ್ ಯಾರದೆಂದು ಹೇಳಲಾರದು. ಆದ್ದರಿಂದ ಮೊದಲು ಚಿಕ್ಕ ಮೊತ್ತ ಕಳುಹಿಸಿ, ತಲುಪಿದ್ದನ್ನು ಖಚಿತಪಡಿಸಿಕೊಂಡು ಉಳಿದುದನ್ನು ಕಳುಹಿಸುವುದು ಒಳ್ಳೆಯ ರೂಢಿ.

ಸಾಲದ ಮಿತಿಯ ಹಂಚಿಕೆ

ಕುಟುಂಬದೊಳಗೆ ಮಿತಿಯನ್ನು ಹಂಚಿಕೊಳ್ಳಲು ಬ್ಯಾಂಕುಗಳೇ ಒದಗಿಸುವ ದಾರಿ ಹೆಚ್ಚುವರಿ ಕಾರ್ಡ್. ಪತಿ, ಪತ್ನಿ, ತಂದೆತಾಯಿ ಅಥವಾ ವಯಸ್ಕ ಮಕ್ಕಳ ಹೆಸರಿನಲ್ಲಿ ಬೇರೆ ಕಾರ್ಡ್ ಸಿಗುತ್ತದೆ. ಸಾಲ ತೀರಿಸುವ ಹೊಣೆ ಮಾತ್ರ ಮೂಲ ಕಾರ್ಡುದಾರರದೇ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂಬುದು ಒಬ್ಬ ವ್ಯಕ್ತಿ ತನ್ನ ಒಂದು ಕಾರ್ಡಿನ ಬಾಕಿಯನ್ನು ತನ್ನದೇ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸುವ ಕ್ರಮ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದು ಇನ್ನೊಬ್ಬರಿಗೆ ಕೊಡುವುದು ಸಾಧ್ಯವಿದ್ದರೂ ಬಹಳ ದುಬಾರಿ. ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ ಇದಕ್ಕಿಲ್ಲ. ಬಡ್ಡಿ ಮೊದಲ ದಿನದಿಂದಲೇ ಏರುತ್ತದೆ. ಶೇ 2.5 ಶುಲ್ಕ ಮತ್ತು ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಂಡರೆ, 20,000 ರೂಪಾಯಿಗೆ ಮೊದಲ ತಿಂಗಳಲ್ಲೇ 500 ರೂಪಾಯಿ ಶುಲ್ಕ, 700 ರೂಪಾಯಿ ಬಡ್ಡಿ, ಇವೆರಡರ ಮೇಲೆ ಶೇ 18ರ ಜಿಎಸ್‌ಟಿ 216 ರೂಪಾಯಿ, ಒಟ್ಟು 1,416 ರೂಪಾಯಿ ತಗಲುತ್ತದೆ. ಬಾಡಿಗೆಯ ಹೆಸರಿನಲ್ಲಿ ಸ್ನೇಹಿತರ ಖಾತೆಗೆ ಹಣ ಹಾಕಿಸುವ ಪರಿಪಾಠವೂ ಇತ್ತು. ಪಾವತಿ ಮಧ್ಯವರ್ತಿ ಸಂಸ್ಥೆಗಳು ತಮ್ಮೊಡನೆ ಒಪ್ಪಂದವಿರುವ ವ್ಯಾಪಾರಿಗಳಿಗೆ ಮಾತ್ರ ಹಣ ಸಂಗ್ರಹಿಸಬೇಕೆಂಬ 2025ರ ಸೆಪ್ಟೆಂಬರ್ 15ರ ನಿರ್ದೇಶನದ ಬಳಿಕ ಹಲವು ಆ್ಯಪ್‌ಗಳು ಆ ಸೇವೆಯನ್ನು ನಿಲ್ಲಿಸಿದವು. ಕಾರ್ಡ್ ಉಜ್ಜಿಸಿಕೊಂಡು, ಸರಕು ಕೊಡದೆ, ಕಮಿಷನ್ ಹಿಡಿದು ನಗದು ಕೊಡುವ ಅಂಗಡಿಗಳ ವ್ಯವಹಾರ ನಿಯಮಬಾಹಿರ. ಸ್ನೇಹಿತರಿಗಾಗಿ ತನ್ನ ಕಾರ್ಡಿನಲ್ಲಿ ಸಾಲ ಮಾಡಿದವರದು ಜಾಮೀನುದಾರರಿಗಿಂತಲೂ ಕಷ್ಟದ ಸ್ಥಿತಿ: ದಾಖಲೆಯಲ್ಲಿ ಸಾಲಗಾರರು ಅವರೇ, ಕಂತು ತಪ್ಪಿದರೆ ಕುಸಿಯುವುದು ಅವರದೇ ಸಿಬಿಲ್ ಅಂಕ.

ಸುರಕ್ಷತೆ ಮತ್ತು ದೂರು

ಭಾರತದಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ 2009ರ ಆಗಸ್ಟ್‌ನಿಂದ ಹೆಚ್ಚುವರಿ ದೃಢೀಕರಣ ಕಡ್ಡಾಯವಾಗಿದೆ. ಈಗ ಅದು ಹೆಚ್ಚಾಗಿ ಓಟಿಪಿಯ ರೂಪದಲ್ಲಿದೆ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿ ಜಾಲತಾಣಗಳು ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅದರ ಬದಲಿಗೆ ಟೋಕನ್ ಎಂಬ ಬದಲಿ ಸಂಕೇತ ಬಳಕೆಯಾಗುತ್ತದೆ. ಹಣ ಪಡೆಯುವವರು ಪಿನ್ ಆಗಲಿ ಓಟಿಪಿ ಆಗಲಿ ಕೊಡಬೇಕಾಗಿಲ್ಲ. ‘ಹಣ ಹಾಕುತ್ತೇನೆ, ಪಿನ್ ಒತ್ತಿ’ ಎಂಬ ಕರೆ ವಂಚನೆಯೇ. ಇಂತಹ ಮೋಸಕ್ಕೆ ಬಳಕೆಯಾಗುತ್ತಿದ್ದ, ವ್ಯಕ್ತಿಗಳ ನಡುವಿನ ಯುಪಿಐ ಹಣ ಕೋರಿಕೆ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಕಾರ್ಡಿನ ಎರಡೂ ಬದಿಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮನೆಯವರಿಗೆ ಕಳುಹಿಸುವುದು ಸಹ ಅಪಾಯಕರ.

ವಂಚನೆಯಾದರೆ ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡ್ ಸ್ಥಗಿತಗೊಳಿಸಿ, ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಓಟಿಪಿಯನ್ನು ತಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.