ಫ್ರೇಮ್‌ವರ್ಕ್ ಬದಲಾದಾಗ ಒತ್ತಕ್ಷರದ ಗತಿ

ಬಟನ್, ಡ್ರಾಪ್‌ಡೌನ್, ದಿನಾಂಕ ಆರಿಸುವ ಪೆಟ್ಟಿಗೆ ಇವನ್ನೆಲ್ಲ ಸಿದ್ಧಮಾಡಿ ಕೊಡುವ ಕಾಂಪೊನೆಂಟ್ ಲೈಬ್ರರಿಗಳ ಕಾಲ ಮುಗಿಯಿತು ಎಂಬ ಮಾತು ಈಚೆಗೆ ಬೆಂಗಳೂರಿನ ತಂತ್ರಾಂಶ ಕೂಟಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತಿದೆ. 2023ರಲ್ಲಿ ಬಂದ ‘ಶಾಡ್‌ಸಿಎನ್’, ಲೈಬ್ರರಿಯ ಹಂಗೇ ಬೇಡ, ಕೋಡನ್ನು ನಕಲು ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ ಎಂದಿತು. ಅದರ ಬೆನ್ನಿಗೇ ಕೇಳಿದ್ದನ್ನು ಬರೆದುಕೊಡುವ ಎಐ ಬಂತು. ಇನ್ನು ಲೈಬ್ರರಿಯನ್ನು ವರ್ಷಗಟ್ಟಲೆ ಸಾಕುವುದೇಕೆ ಎಂಬುದು ಹೊಸಬರ ವಾದ.

ಲೈಬ್ರರಿಯೆಂದರೆ ಬಟನ್ನಿನ ಚಿತ್ರ ಎಂದುಕೊಂಡವರಿಗೆ ಈ ವಾದ ಸರಿ ಕಾಣುತ್ತದೆ. ಆದರೆ ಲೈಬ್ರರಿಯೊಳಗೆ ಇರುವುದು ನಿರ್ಧಾರಗಳು: ಟ್ಯಾಬ್ ಕೀಲಿ ಒತ್ತಿದರೆ ಗಮನ ಎಲ್ಲಿಗೆ ಹೋಗಬೇಕು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಏನು ಓದಬೇಕು, ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕು. ಇಪ್ಪತ್ತು ವರ್ಷಗಳಲ್ಲಿ ಫ್ರೇಮ್‌ವರ್ಕ್ ಬದಲಾದಾಗಲೆಲ್ಲ ಮೊದಲು ಕಳೆದುಹೋದದ್ದು ಈ ನಿರ್ಧಾರಗಳು; ಅವುಗಳಲ್ಲಿಯೂ ಮೊದಲು ಹೋದದ್ದು ಭಾಷೆಗೆ ಸಂಬಂಧಿಸಿದವು.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 2005–06ರ ಸುಮಾರಿಗೆ ಡೋಜೊ ಮತ್ತು ಯಾಹೂವಿನ ವೈಯುಐ ಬಂದವು. 2006ರಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ ಬಂತು, ಮರುವರ್ಷ ಅದರ ಮೇಲೆ ಜೆಕ್ವೆರಿ ಯುಐ. 2011ರ ಆಗಸ್ಟಿನಲ್ಲಿ ಟ್ವಿಟರ್‌ನಲ್ಲಿದ್ದ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ಬೂಟ್‌ಸ್ಟ್ರಾಪ್ ಅನ್ನು ಬಿಡುಗಡೆ ಮಾಡಿದರು. ಆಮೇಲೆ ಕೆಲವು ವರ್ಷ ಎಲ್ಲ ಜಾಲತಾಣಗಳೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಂಡವು. 2014ರಲ್ಲಿ ಯಾಹೂ ವೈಯುಐಯ ಹೊಸ ಕೆಲಸವನ್ನು ನಿಲ್ಲಿಸಿತು. ಒಂದೇ ಕಂಪನಿಯ ಆಸರೆಯಲ್ಲಿರುವ ಲೈಬ್ರರಿಗೆ ಆ ಕಂಪನಿಯ ಮನಸ್ಸು ಬದಲಾದರೆ ಏನಾಗುತ್ತದೆ ಎಂಬ ಪಾಠ ಆಗಲೇ ಸಿಕ್ಕಿತ್ತು. ಕಲಿತವರು ಕಡಿಮೆ.

ನಮ್ಮ ಪೀಳಿಗೆ ಈ ಕೆಲಸಕ್ಕೆ ಇಳಿದದ್ದು ಆ ಹೊತ್ತಿನಲ್ಲಿ. ತಮಿಳುನಾಡಿನ ರಾಯಕೋಟೆ, ಹೊಸೂರು ಕಡೆಯ ಹುಡುಗರಿಗೆ ಎಲೆಕ್ಟ್ರಾನಿಕ್ ಸಿಟಿ ಹೆದ್ದಾರಿಯ ಆ ತುದಿಯಲ್ಲೇ ಇತ್ತು. ಹಗಲು ಅಲ್ಲಿ ಇಂಗ್ಲಿಷ್ ಬಟನ್, ರಾತ್ರಿ ಮನೆಯಲ್ಲಿ ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಆ ವಿಶ್ವಕೋಶದಲ್ಲಿ ಬರೆಯಬೇಕೆಂದವರಿಗೆ ಮೊದಲ ತೊಡಕು ಲೇಖನವಲ್ಲ, ಕೀಲಿಮಣೆ. ನುಡಿ, ಬರಹ ತಂತ್ರಾಂಶಗಳನ್ನು ಬಲ್ಲವರಿದ್ದರು. ಆದರೆ ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವಂತಿರಲಿಲ್ಲ. ಹಾಗಾಗಿ ಕೀಲಿಮಣೆ ಬ್ರೌಸರಿನೊಳಗೇ ಬರಬೇಕಾಯಿತು.

ವಿಕಿಮೀಡಿಯ ಫೌಂಡೇಶನ್ನಿನಲ್ಲಿ ಸಂತೋಷ್ ತೊಟ್ಟಿಂಗಲ್ ಮುಂತಾದವರಿದ್ದ ಭಾಷಾ ತಂಡ 2012ರ ಹೊತ್ತಿಗೆ ‘ಮಿಲ್ಕ್‌ಶೇಕ್’ ಎಂಬ ಹೆಸರಿನಡಿ ನಾಲ್ಕು ಓಪನ್ ಸೋರ್ಸ್ ಲೈಬ್ರರಿಗಳನ್ನು ಹೊರತಂದಿತು: ಟೈಪಿಸಲು ಜೆಕ್ವೆರಿ ಐಎಂಇ, ಫಾಂಟ್ ತರಿಸಿಕೊಳ್ಳಲು ಜೆಕ್ವೆರಿ ವೆಬ್‌ಫಾಂಟ್ಸ್, ಅನುವಾದಿತ ಪದಗಳಿಗೆ ಒಂದು, ಭಾಷೆ ಆರಿಸಲು ಒಂದು. ಭಾರತೀಯ ಭಾಷೆಗಳ ಮಟ್ಟಿಗೆ ವೆಬ್‌ನ ಅತ್ಯಂತ ಮುಖ್ಯ ಕಾಂಪೊನೆಂಟುಗಳು ಇವೇ ಎಂಬುದು ನನ್ನ ಅಭಿಪ್ರಾಯ. ಲೈಬ್ರರಿಗಳ ಇತಿಹಾಸ ಬರೆಯುವವರು ಇವುಗಳ ಹೆಸರನ್ನೂ ಎತ್ತುವುದಿಲ್ಲ.

ಐಎಂಇಯ ರಚನೆಯಲ್ಲಿ ಒಂದು ಜಾಣತನವಿತ್ತು. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ಅವರ ವಿನ್ಯಾಸ ಹೀಗೆ ಕನ್ನಡದ ಪ್ರತಿ ಕೀಲಿಮಣೆಗೂ ಒಂದೊಂದು ಕಡತ. ಅದರೊಳಗೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ನಿಯಮಗಳ ಪಟ್ಟಿ ಬಿಟ್ಟರೆ ಬೇರೇನಿಲ್ಲ. ಜೆಕ್ವೆರಿಯ ಸುಳಿವು ಕಡತದ ಹೊರಕವಚದಲ್ಲಿ ಮತ್ತು ಕೊನೆಯ ನೋಂದಣಿ ಸಾಲಿನಲ್ಲಿ ಮಾತ್ರ. ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ನೋಡಿ: ಯೂನಿಕೋಡ್ ಪೂರ್ವದ ತಂತ್ರಾಂಶಗಳಲ್ಲಿ ಬಳಕೆಯಾಯಿತು, ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ಕಚೇರಿಗಳಿಗೆ ಹೋಯಿತು, ಬ್ರೌಸರಿಗೆ ಬಂತು, ಫೋನಿಗೂ ಇಳಿಯಿತು. ಅದನ್ನು ಹೊತ್ತು ನಡೆದ ತಂತ್ರಾಂಶಗಳೆಲ್ಲ ಹಳತಾದವು. ಪಟ್ಟಿ ಉಳಿಯಿತು.

ಇನ್ನೊಂದು ಕಡೆ ಸೋಲೂ ಇತ್ತು. 2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ರಿಯಾಕ್ಟ್ ಅನ್ನು ಬಿಡುಗಡೆ ಮಾಡಿತು. ಜೆಕ್ವೆರಿ ಕಾಲದಲ್ಲಿ ಪೆಟ್ಟಿಗೆಯೊಳಗಿನ ಪಠ್ಯವನ್ನು ಐಎಂಇ ನೇರವಾಗಿ ಬದಲಿಸಿದರೆ ಸಾಕಿತ್ತು. ರಿಯಾಕ್ಟ್‌ನಲ್ಲಿ ಪಠ್ಯದ ಯಜಮಾನಿಕೆ ‘ಸ್ಟೇಟ್‌’ನದು, ಹೊರಗಿನವರು ಬದಲಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ‘k’ ಒತ್ತಿ ಪರದೆಯ ಮೇಲೆ ‘ಕ’ ಬಂದರೂ ಫಾರ್ಮ್ ಕಳಿಸಿದಾಗ ಹೋಗುವುದು ಹಳೆಯ ಪಠ್ಯ, ಇಲ್ಲವೇ ಕರ್ಸರ್ ಜಿಗಿದು ಸಾಲಿನ ಕೊನೆಗೆ ಕೂರುವುದು. ದೋಷ ಯಾರದೂ ಅಲ್ಲ. ಎರಡು ತಂತ್ರಾಂಶಗಳು ಒಂದೇ ಪೆಟ್ಟಿಗೆಗೆ ಒಡೆಯರಾಗಿದ್ದವು. ಆದರೆ ಹೊಸ ಲೈಬ್ರರಿಗಳ ಯೋಜನಾ ಪತ್ರದಲ್ಲಿ ಈ ಸಮಸ್ಯೆಗೆ ಒಂದು ಸಾಲಿನ ಜಾಗವೂ ಸಿಗಲಿಲ್ಲ.

ಮುಂದಿನದು ಒಡೆತಗಳ ದಶಕ. 2016ರ ಸೆಪ್ಟೆಂಬರಿನಲ್ಲಿ ಆಂಗ್ಯುಲರ್ 2 ಬಂದಾಗ ಹಳೆಯ ಆಂಗ್ಯುಲರ್‌ಜೆಎಸ್‌ಗೆ ಕಟ್ಟಿದ್ದ ಕಾಂಪೊನೆಂಟುಗಳೆಲ್ಲ ಮತ್ತೆ ಮೊದಲಿನಿಂದ. 2020ರ ಸೆಪ್ಟೆಂಬರಿನಲ್ಲಿ ವ್ಯೂ 3 ಬಂತು. ವ್ಯೂ ಲೋಕದ ದೊಡ್ಡ ಲೈಬ್ರರಿ ವ್ಯೂಟಿಫೈ ಅದಕ್ಕೆ ಪೂರ್ತಿ ಹೊಂದಿಕೊಂಡು ಮೂರನೆಯ ಆವೃತ್ತಿ ಬಿಡುವ ಹೊತ್ತಿಗೆ 2022ರ ನವೆಂಬರ್. ಅಷ್ಟೂ ದಿನ ಅದನ್ನು ನಂಬಿದ್ದವರು ಹಿಂದೆಯೂ ಹೋಗಲಾರದೆ ಮುಂದೆಯೂ ಹೋಗಲಾರದೆ ಕಾದರು. ವ್ಯೂ 2ಕ್ಕೆ ಬೆಂಬಲ ನಿಂತದ್ದು 2023ರ ಡಿಸೆಂಬರ್ 31ಕ್ಕೆ. ಕಾದವರಿಗೆ ಉಳಿದದ್ದು ಒಂದು ವರ್ಷದ ಚಿಲ್ಲರೆ.

ನಮ್ಮ ಹೆದ್ದಾರಿಯ ಎರಡು ತುದಿಗಳಲ್ಲಿ, ಫ್ರೇಮ್‌ವರ್ಕನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟಿದವು. ಬೆಂಗಳೂರಿನ ರೇಜರ್‌ಪೇ ತನ್ನ ‘ಬ್ಲೇಡ್’ ಲೈಬ್ರರಿಯನ್ನು ರಿಯಾಕ್ಟ್ ಮೇಲೆ ಕಟ್ಟಿ ಓಪನ್ ಸೋರ್ಸ್ ಮಾಡಿತು. ಚೆನ್ನೈಯಲ್ಲಿ ಹುಟ್ಟಿದ ಫ್ರೆಶ್‌ವರ್ಕ್ಸ್ ತನ್ನ ‘ಕ್ರೇಯಾನ್ಸ್’ ಅನ್ನು ಸ್ಟೆನ್ಸಿಲ್ ಎಂಬ ಉಪಕರಣ ಬಳಸಿ ವೆಬ್ ಕಾಂಪೊನೆಂಟುಗಳಾಗಿ ಕಟ್ಟಿತು. ಬ್ರೌಸರಿನ ಸ್ವಂತ ಟ್ಯಾಗಿನಂತೆ ಅದು ಯಾವ ಫ್ರೇಮ್‌ವರ್ಕಿನೊಳಗೂ ಕೂರಬಲ್ಲದು. ಮೊದಲನೆಯದು ಒಂದು ಫ್ರೇಮ್‌ವರ್ಕನ್ನು ನಂಬಿ ಆಳಕ್ಕೆ ಇಳಿಯುವ ದಾರಿ. ಇಲ್ಲಿ ಅಪಾಯ ಫ್ರೇಮ್‌ವರ್ಕಿನಿಂದಲೇ ಬರಬೇಕಿಲ್ಲ: ಬ್ಲೇಡ್ ಸೇರಿದಂತೆ ಅಸಂಖ್ಯ ಲೈಬ್ರರಿಗಳು ನಂಬಿದ್ದ ಸ್ಟೈಲ್ಡ್-ಕಾಂಪೊನೆಂಟ್ಸ್ ಎಂಬ ಶೈಲಿ ಲೈಬ್ರರಿ ಇನ್ನು ಮುಂದೆ ನಿರ್ವಹಣೆ ಮಾತ್ರ ಎಂದು 2025ರಲ್ಲಿ ಘೋಷಿಸಿತು. ಎರಡನೆಯದು ತಟಸ್ಥ ದಾರಿ. ಅಲ್ಲಿ ಸ್ಟೆನ್ಸಿಲ್‌ನ ಭವಿಷ್ಯವನ್ನು ನೆಚ್ಚಬೇಕು. ಜೊತೆಗೆ, ಶ್ಯಾಡೊ ಡಾಮ್ ಎಂಬ ಗೋಡೆಯೊಳಗೆ ಕುಳಿತ ಪೆಟ್ಟಿಗೆ ಹೊರಗಿನ ಐಎಂಇಗೆ ಸುಲಭವಾಗಿ ಕಾಣುವುದಿಲ್ಲ. ಕಾಣುವುದು ಅದನ್ನು ಹೊತ್ತ ಹೊರಟ್ಯಾಗ್ ಮಾತ್ರ. ನನ್ನ ಒಲವು ಎರಡನೆಯ ದಾರಿಯ ಕಡೆಗೇ, ಆದರೆ ಕನ್ನಡದ ಕಷ್ಟ ಅಲ್ಲಿಯೂ ಹೋಗಿಲ್ಲ.

ವಲಸೆಯನ್ನು ಮರ್ಯಾದೆಯಿಂದ ಮಾಡುವುದು ಹೇಗೆಂದು ತೋರಿಸಿದ್ದು ಮತ್ತೆ ವಿಕಿಮೀಡಿಯ. ವಿಶುವಲ್ ಎಡಿಟರ್ ಜೊತೆಗೆ ಬೆಳೆದ ಅವರ ಒಒಯುಐ ಲೈಬ್ರರಿ ಜಾವಾಸ್ಕ್ರಿಪ್ಟ್ ಮತ್ತು ಪಿಎಚ್‌ಪಿ ಎರಡರಲ್ಲೂ ಇತ್ತು. 2020ರಲ್ಲಿ ವ್ಯೂ ಕಡೆಗೆ ಹೋಗುವುದೆಂದು ತೀರ್ಮಾನಿಸಿ, ‘ಕೋಡೆಕ್ಸ್’ ಎಂಬ ಹೊಸ ಲೈಬ್ರರಿ ಕಟ್ಟಿದರು. ಹಳೆಯದನ್ನು ಒಂದೇ ಏಟಿಗೆ ಕಿತ್ತುಹಾಕಲಿಲ್ಲ. ಎರಡೂ ಜೊತೆಯಲ್ಲಿ ನಡೆದವು. ಬಣ್ಣ, ಅಂತರ, ಅಳತೆಗಳ ಪಟ್ಟಿಯನ್ನು ಡಿಸೈನ್ ಟೋಕನ್‌ಗಳಾಗಿ ಪ್ರತ್ಯೇಕ ಪ್ಯಾಕೇಜು ಮಾಡಿದರು. ಜಾವಾಸ್ಕ್ರಿಪ್ಟ್ ಇಲ್ಲದೆ ಸಿಎಸ್‌ಎಸ್‌ನಿಂದಲೇ ನಡೆಯುವ ರೂಪಗಳನ್ನೂ ಕೊಟ್ಟರು. ನಾಳೆ ವ್ಯೂ ಹೋದರೂ ಇವೆರಡು ಉಳಿಯುತ್ತವೆ. ಇದನ್ನು ನಿಧಾನ ಎಂದು ಮೂಗು ಮುರಿದವರಿದ್ದಾರೆ. ನೂರಾರು ಭಾಷೆಗಳಿಗೆ ಒಂದೇ ಬಟನ್ ಕೊಡುವವರು ಬೇರೆ ಹೇಗೆ ನಡೆಯಬೇಕಿತ್ತೋ ತಿಳಿಯದು. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ನಿನ ‘ಡಿಜಿಟ್’ ವೇದಿಕೆಯೂ ಪದಗಳನ್ನು ಪರದೆಯ ಕೋಡಿನೊಳಗೆ ಹೂಳದೆ ಪ್ರತ್ಯೇಕ ಸೇವೆಯಲ್ಲಿ ಇಟ್ಟಿತು. ಅದೂ ಇದೇ ವಿವೇಕ.

ಈಚಿನ ‘ಹೆಡ್‌ಲೆಸ್’ ಪಂಥ ಇದನ್ನೇ ಹೊಸ ಹೆಸರಿನಲ್ಲಿ ಹೇಳುತ್ತಿದೆ: ರೂಪ ಬೇರೆ, ನಡವಳಿಕೆ ಬೇರೆ. ಜಾಗ್ ಎಂಬ ಯೋಜನೆ ಡ್ರಾಪ್‌ಡೌನಿನ ನಡವಳಿಕೆಯನ್ನು ಸ್ಟೇಟ್ ಮಷೀನ್ ಆಗಿ ಬರೆದು ರಿಯಾಕ್ಟ್, ವ್ಯೂ, ಸಾಲಿಡ್ ಎಲ್ಲಕ್ಕೂ ತೆಳುವಾದ ಕೊಂಡಿ ಒದಗಿಸುತ್ತದೆ. ಬ್ರೌಸರ್‌ಗಳೂ ಕೈಜೋಡಿಸಿವೆ. 2022ರ ಮಾರ್ಚ್ ಹೊತ್ತಿಗೆ ಡಯಲಾಗ್ ಟ್ಯಾಗ್ ಎಲ್ಲ ಮುಖ್ಯ ಬ್ರೌಸರ್‌ಗಳಿಗೆ ಬಂತು, 2024ರಲ್ಲಿ ಪಾಪ್‌ಓವರ್. ಹತ್ತು ವರ್ಷ ಲೈಬ್ರರಿಗಳು ಸಾವಿರಾರು ಸಾಲು ಬರೆದು ಮಾಡುತ್ತಿದ್ದುದು ಈಗ ಒಂದು ಟ್ಯಾಗಿನ ಕೆಲಸ. ಅಡೋಬಿಯ ರಿಯಾಕ್ಟ್ ಏರಿಯಾ ಅನುಕೂಲ ಸೌಲಭ್ಯಗಳ ವಿಷಯದಲ್ಲಿ ಬಹು ಎತ್ತರದ ಕೆಲಸ. ಅದರ ಕ್ಯಾಲೆಂಡರುಗಳಲ್ಲಿ ಭಾರತದ ಶಕವರ್ಷವೂ ಇದೆ. ಆದರೆ ಮೊದಲ ವರ್ಷಗಳಲ್ಲಿ ಅದು ಜೊತೆಗೆ ಕೊಟ್ಟ ಮೂವತ್ತಕ್ಕೂ ಹೆಚ್ಚು ಭಾಷೆಗಳ ಪದಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇರಲಿಲ್ಲ.

ಇನ್ನು ಯಾರೂ ಸಮೀಕ್ಷಿಸದ ಜಾಗಕ್ಕೆ ಬರೋಣ. ಟೊಮೆಟೊ ವ್ಯಾಪಾರಕ್ಕೆ ಹೆಸರಾದ ರಾಯಕೋಟೆಯಲ್ಲಿ ಒಂದೇ ಪಟ್ಟಿಯಲ್ಲಿ ತಮಿಳು, ತೆಲುಗು, ಕನ್ನಡದ ಹೆಸರುಗಳು ಬರುತ್ತವೆ. ಅಂಥ ಪಟ್ಟಿಯನ್ನು ಜನಪ್ರಿಯ ಲೈಬ್ರರಿಗಳಿಗೆ ಕೊಟ್ಟು ನೋಡಿ. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯುತ್ತದೆ; ಎತ್ತರ ಬಿಗಿಯಾಗಿ ನಿಗದಿಮಾಡಿದ ಬಟನ್ನು ಅದನ್ನು ಕತ್ತರಿಸುತ್ತದೆ. ಸಂಕೇತಗಳ ಕ್ರಮವನ್ನಷ್ಟೇ ನೋಡುವ ಕೋಷ್ಟಕವನ್ನು ಅಕಾರಾದಿಯಾಗಿ ಜೋಡಿಸಿದರೆ ಕಾಳಯ್ಯ ಕಾವೇರಮ್ಮನಿಗಿಂತ ಮುಂದೆ ಬರುತ್ತಾನೆ. ಯೂನಿಕೋಡಿನ ಸಂಕೇತಗಳಲ್ಲಿ ‘ಳ’ ಇರುವುದು ‘ವ’ಕ್ಕಿಂತ ಮೊದಲು, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ. ಕುಲನಾಮದ ಜಾಗ ಕಡ್ಡಾಯ ಎನ್ನುತ್ತದೆ ಫಾರ್ಮು. ಇಲ್ಲಿ ಬಹಳಷ್ಟು ಜನಕ್ಕೆ ಇರುವುದು ಇನಿಷಿಯಲ್ ಮಾತ್ರ.

ಹೆಸರಿನ ಮೊದಲ ಅಕ್ಷರವನ್ನು ದುಂಡನೆಯ ಚಿತ್ರದಲ್ಲಿ ತೋರಿಸುವ ‘ಅವತಾರ್’ ಕಾಂಪೊನೆಂಟಿನ ಕತೆ ಇನ್ನೂ ಸ್ವಾರಸ್ಯದ್ದು. ಪ್ರಕಾಶ ಎಂಬ ಹೆಸರಿಗೆ ಹಳೆಯ ಕೋಡು ‘ಪ’ ತೋರಿಸುತ್ತಿತ್ತು. ಪಠ್ಯವನ್ನು ಸರಿಯಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ 2020ರಲ್ಲಿ ಕ್ರೋಮ್‌ಗೆ, 2024ರಲ್ಲಿ ಫೈರ್‌ಫಾಕ್ಸ್‌ಗೆ ಬಂತು. ಅದು ಅನುಸರಿಸುವುದು ಯೂನಿಕೋಡಿನ ನಿಯಮವನ್ನು. 2023ರಲ್ಲಿ ಬಂದ ಯೂನಿಕೋಡ್ 15.1 ಹಲಂತದಿಂದ ಬೆಸೆದ ಸಂಯುಕ್ತಾಕ್ಷರವನ್ನು ಒಂದೇ ಘಟಕವಾಗಿ ಎಣಿಸುವ ನಿಯಮವನ್ನು ಸೇರಿಸಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅಂದರೆ ಪ್ರಕಾಶ ತೆಲುಗಿನಲ್ಲಿ ಹೆಸರು ಬರೆದರೆ ಮೊದಲ ಘಟಕ ‘ಪ್ರ’, ಕನ್ನಡದಲ್ಲಿ ಬರೆದರೆ ‘ಪ್’. ಎರಡು ಲಿಪಿಗಳು ಅಷ್ಟು ಹತ್ತಿರದವಾಗಿರುವಾಗ, ಎರಡನ್ನೂ ಓದಬಲ್ಲವರಿರುವ ಊರಿನಲ್ಲಿ ಇದು ಹೇಗೆ ಕಾಣುತ್ತದೆಂದು ಹೇಳಬೇಕಿಲ್ಲ. ಎಐಗೆ ಅವತಾರ್ ಬರೆದುಕೊಡು ಎಂದರೆ ಅದೂ ಇಂಥ ಕೋಡನ್ನೇ ಬರೆಯುತ್ತದೆ. ಅದು ಕಲಿತದ್ದು ನಾವು ಬರೆದಿಟ್ಟದ್ದರಿಂದ.

ಹಾಗಾದರೆ ಇಂದು ಒಂದು ಓಪನ್ ಸೋರ್ಸ್ ಲೈಬ್ರರಿಯ ಮುಂದಿನ ಹತ್ತು ವರ್ಷಕ್ಕೆ ಯೋಜನೆ ಹಾಕುವವರು ಏನು ಮಾಡಬೇಕು? ಯಾವ ಫ್ರೇಮ್‌ವರ್ಕ್ ಎಂಬುದನ್ನು ಕೊನೆಗೆ ಕೇಳಬೇಕು. ಮೊದಲು ಬಾಳಿಕೆಯ ಪ್ರಕಾರ ವಿಂಗಡಿಸಬೇಕು. ಟೋಕನ್‌ಗಳು, ಪದಪಟ್ಟಿ, ಕೀಲಿಮಣೆ ನಿಯಮ, ಪರೀಕ್ಷೆಯ ಮಾದರಿ ಪಠ್ಯ ಇವು ಎಲ್ಲಕ್ಕಿಂತ ಹೆಚ್ಚು ಬಾಳುವಂಥವು. ಇವಕ್ಕೆ ಕೋಡಿನ ಸೋಂಕು ತಗಲಬಾರದು. ನಡವಳಿಕೆಯ ತರ್ಕ ಆಮೇಲಿನದು. ಬ್ರೌಸರ್ ತಾನೇ ಮಾಡುವುದನ್ನು ಅದಕ್ಕೆ ಬಿಟ್ಟು ಉಳಿದದ್ದನ್ನು ತಟಸ್ಥವಾಗಿ ಬರೆಯಬೇಕು. ರಿಯಾಕ್ಟ್, ವ್ಯೂ ಕೊಂಡಿಗಳು ಎಸೆಯಲೆಂದೇ ಇರುವಂಥವು. ಅವುಗಳ ಹುಟ್ಟಿನ ದಿನವೇ ನಿವೃತ್ತಿಯ ದಿನಾಂಕ ಬರೆದು, ಬಳಸುವವರಿಗೆ ತಿಳಿಸಬೇಕು.

ದುಡ್ಡಿನ ಮಾತೂ ಬರುತ್ತದೆ. ಷೇರು ವಹಿವಾಟಿನ ಸಂಸ್ಥೆ ಜೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂದು ವರ್ಷಕ್ಕೆ 10 ಲಕ್ಷ ಡಾಲರ್ ಓಪನ್ ಸೋರ್ಸ್‌ಗೆ ಎತ್ತಿಟ್ಟಿತು. ಅದೇ ಸಂಸ್ಥೆಯ ಕೈಲಾಶ್ ನಾಧ್ 2019ರಲ್ಲಿ ವಿ. ಕೃಷ್ಣ ಅವರ ‘ಅಲರ್’ ಕನ್ನಡ ನಿಘಂಟನ್ನು ಮುಕ್ತ ದತ್ತಾಂಶವಾಗಿ ಲೋಕಕ್ಕೆ ಕೊಟ್ಟರು. ಹಣವೂ ಇದೆ, ಮಾದರಿಯೂ ಇದೆ. ಇಲ್ಲದಿರುವುದು ಒತ್ತಕ್ಷರ, ಅಕಾರಾದಿ, ಇನಿಷಿಯಲ್, ಐಎಂಇ ಎಲ್ಲವನ್ನೂ ತಟ್ಟಿ ನೋಡುವ ಒಂದು ಸಾರ್ವಜನಿಕ ಕನ್ನಡ ಪರೀಕ್ಷಾಪಟ್ಟಿ ಮತ್ತು ಯೂನಿಕೋಡಿನ ಮುಂದೆ ಕನ್ನಡದ ಪರ ನಿಂತು ವಾದಿಸುವ ಒಬ್ಬರು. ಮೊದಲನೆಯದು ಕೆಲವೇ ಜನ ಕೂತು ಮಾಡಬಹುದಾದ ಕೆಲಸ. ಎರಡನೆಯದಕ್ಕೆ ಸರ್ಕಾರವೋ ವಿಶ್ವವಿದ್ಯಾಲಯವೋ ಬೆನ್ನಿಗಿರಬೇಕು. ಇವೆರಡೂ ಆಗುವವರೆಗೆ ಎಷ್ಟು ಫ್ರೇಮ್‌ವರ್ಕ್ ಬದಲಿಸಿದರೂ ಹಳೆಯ ತಪ್ಪುಗಳನ್ನೇ ಹೊಸ ಕೋಡಿನಲ್ಲಿ ಬರೆಯುತ್ತಿರುತ್ತೇವೆ.