ಬಾನಿನ ಮೋಡಕ್ಕೆ ನೆಲದ ಲೆಕ್ಕ

1963ರ ನವೆಂಬರ್ 21ರ ಸಂಜೆ ತುಂಬಾದಿಂದ ಹಾರಿದ ಮೊದಲ ರಾಕೆಟ್ ಸೋಡಿಯಂ ಆವಿ ಚೆಲ್ಲಿ ಬಾನಿನಲ್ಲಿ ಮೋಡ ಮೂಡಿಸಿದ್ದು ನಮ್ಮ ಹಿರಿಯ ಓದುಗರಿಗೆ ನೆನಪಿದ್ದೀತು. ಅದು ಮೇಲ್ಗಾಳಿಯ ಗತಿ ತಿಳಿಯಲು.

ಐವತ್ತು ವರ್ಷಗಳ ತರುವಾಯ, 2013ರ ಮೇ ತಿಂಗಳಲ್ಲಿ, ಶಾಂತಸಾಗರದ ಕ್ವಾಜಲೀನ್ ದ್ವೀಪಗಳಿಂದ ಅಮೆರಿಕದ ವಾಯುಪಡೆಯ ಸಂಶೋಧಕರು ಎರಡು ರಾಕೆಟ್ ಹಾರಿಸಿ ಸಮೇರಿಯಂ ಆವಿ ಬಿಟ್ಟರು. ಈ ಸಲದ ಉದ್ದೇಶ ಬೇರೆ. ಸಮಭಾಜಕದ ಬಳಿ ಸೂರ್ಯಾಸ್ತವಾದ ಮೇಲೆ ಅಯಾನುಗೋಳ ಕದಡಿ ರೇಡಿಯೋ ಸಂಕೇತಗಳು ತತ್ತರಿಸುತ್ತವೆ. ಕೃತಕ ಅಯಾನು ಮೋಡದಿಂದ ಅದನ್ನು ತಡೆಯಬಹುದೇ ಎಂಬ ಪರೀಕ್ಷೆ. ಬೇರಿಯಂ ಅಯಾನಾಗಲು ಬಿಸಿಲು ಬೇಕು. ಸಮೇರಿಯಮ್ಮಿಗೆ ಬೇಡ: ಅಲ್ಲಿನ ಆಮ್ಲಜನಕದ ಪರಮಾಣುವನ್ನು ಕೂಡಿದೊಡನೆ ಅದು ಎಲೆಕ್ಟ್ರಾನು ಕಳೆದುಕೊಂಡು ಆಕ್ಸೈಡ್ ಅಯಾನಾಗುತ್ತದೆ, ಶಕ್ತಿಯೂ ಹೊರಬೀಳುತ್ತದೆ. ಹಾಗೆಂದು ಪುಸ್ತಕದ ಲೆಕ್ಕ.

ಮೋಡವೇನೋ ಮೂಡಿತು. ಎಲೆಕ್ಟ್ರಾನುಗಳು ಮಾತ್ರ ಎಣಿಸಿದ್ದಕ್ಕಿಂತ ಬಹಳ ಕಡಿಮೆ! ತಪ್ಪು ರಾಕೆಟಿನದೋ, ಪುಸ್ತಕದ್ದೋ?

ಉತ್ತರ ಸಿಕ್ಕಿದ್ದು ಪ್ರಯೋಗಶಾಲೆಯಲ್ಲಿ. ಎಮೊರಿ ವಿಶ್ವವಿದ್ಯಾಲಯದ ಮೈಕೇಲ್ ಹೆವನ್ ತಂಡ ಲೇಸರ್ ರೋಹಿತ ವಿಧಾನದಿಂದ ಸಮೇರಿಯಂ ಆಕ್ಸೈಡಿನ ಎಲೆಕ್ಟ್ರಾನು ಕೀಳಲು 5.7427 ಎಲೆಕ್ಟ್ರಾನ್ ವೋಲ್ಟ್ ಬೇಕೆಂದು ಅಳೆಯಿತು. ಹಳೆಯ ಅಂಕಿಗಿಂತ ಇದು ಹೆಚ್ಚು. ಯೂಟಾದ ಆರ್ಮೆಂಟ್ರೌಟ್ ತಂಡ ಅಯಾನಿನ ಬಂಧವನ್ನು ಅಳೆಯಿತು. 2015ರ ಅವರ ಜಂಟಿ ವರದಿಯಂತೆ ಕ್ರಿಯೆಯಿಂದ ಉಳಿಯುವ ಶಕ್ತಿ ಕೇವಲ 0.08, ಅದರಲ್ಲೂ 0.07ರಷ್ಟು ಅನಿಶ್ಚಿತ! ಮೊದಲಿನ ಅಂದಾಜಿಗಿಂತ ಸುಮಾರು 0.2 ಕಡಿಮೆ. ಹೀಗೆ ಲಾಭ ಕೂದಲೆಳೆಯಷ್ಟಾದರೆ, ಅಯಾನು ಎಲೆಕ್ಟ್ರಾನನ್ನು ಮರಳಿ ಹಿಡಿದು ಒಡೆದುಹೋಗುವುದೂ ಸುಲಭವೇ. ಈ ಅಳತೆ ರಾಕೆಟಿಗೆ ಮುಂಚೆಯೇ ಆಗಬೇಕಿತ್ತೆಂದು ನನಗನ್ನಿಸುತ್ತದೆ. ಆದರೆ ಮೋಡ ಕೈಕೊಡದಿದ್ದರೆ ಹಳೆಯ ಅಂಕಿಯನ್ನು ಯಾರು ತಾನೇ ಸಂಶಯಿಸುತ್ತಿದ್ದರು?